ಸೂರ್ಯಕಿರಣ್ ಹಾಕ್ 1/72: ಏಳು ಕೋಟ್ ಹೊಡೆದ್ರೂ ಕೆಂಪು ಕೂರ್ತಿಲ್ಲ

ವಿಮಾನಪುರ_ವಿನು:
ಎಲ್ರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ಮಾಡಲ್ ಹಿಡ್ಕೊಂಡು ಕೂತಿದೀನಿ, 1/72 ಹಾಕ್ ಜೆಟ್ ತರಬೇತಿ ವಿಮಾನ, ಅಂದ್ರೆ ನಿಜವಾದ್ದರ 72ರಲ್ಲಿ ಒಂದು ಪಾಲು ಅಳತೆ, ನಮ್ಮ ವಾಯುಪಡೆಯ ಸೂರ್ಯಕಿರಣ್ ಕಸರತ್ತು ತಂಡದ ಕೆಂಪು ಬಿಳಿಯಲ್ಲಿ ಮಾಡ್ಬೇಕು ಅಂತ. ಜೋಡಣೆ ಎಲ್ಲ ನೀಟಾಗಿ ಆಯ್ತು, ಸೀಮ್‌ಗೆ, ಅಂದ್ರೆ ಜೋಡಿಸಿದ ಸಂದಿಗೆ, ಪುಟ್ಟಿ ತುಂಬಿ 600, 1000, 2000 ಎಮರಿ ಪೇಪರ್ ಹಾಕಿ ಉಜ್ಜಿ ನೈಸ್ ಮಾಡ್ದೆ, ಬೂದು ಪ್ರೈಮರ್ ಹೊಡ್ದೆ, ಅಲ್ಲಿ ತನಕ ಕೈ ಇಟ್ರೆ ಗಾಜಿನ ಥರ ಇತ್ತು. ಆಮೇಲೆ ಟಮಿಯಾ ಕಂಪನಿಯ ಎಕ್ಸ್-7 ಕೆಂಪು, ಗಾಳಿಯಲ್ಲಿ ಬಣ್ಣ ಚಿಮ್ಮಿಸೋ ಏರ್‌ಬ್ರಶ್‌ನಲ್ಲಿ ಶುರು ಮಾಡ್ದೆ. ಮೊದಲನೇ ಕೋಟ್‌ಗೆ ಬೂದು ಕಾಣ್ತು, ಸರಿ ಅಂತ ಎರಡನೇದು, ಮೂರನೇದು, ಹಂಗೇ ಏಳು ಕೋಟ್ ಆಯ್ತು. ರೆಕ್ಕೆ ಅಂಚಲ್ಲಿ ಇನ್ನೂ ಬೂದು ಇಣುಕ್ತಿದೆ, ರೆಕ್ಕೆ ಮತ್ತೆ ಬಾಡಿ ಸೇರೋ ಮೂಲೆಯಲ್ಲಿ ಬಣ್ಣ ನಿಂತು ಕಪ್ಪಗಾಗಿದೆ, ವಿಮಾನದ ಮೈ ಮೇಲೆ ತಗಡಿನ ಸಂದು ತೋರಿಸೋ ಪ್ಯಾನೆಲ್ ಲೈನ್ ಅರ್ಧ ಮುಚ್ಚೋಗಿದೆ.

2011ರ ಏರೋ ಇಂಡಿಯಾ ವಿಮಾನ ಪ್ರದರ್ಶನಕ್ಕೆ ಅಪ್ಪ ಯಲಹಂಕಕ್ಕೆ ಕರ್ಕೊಂಡು ಹೋಗಿದ್ರು, ಆಗ ಇದೇ ತಂಡ ಕಿರಣ್ ವಿಮಾನದಲ್ಲಿ ಹಾರ್ತಿತ್ತು. 2025ಕ್ಕೆ ನಾನು ನನ್ನ ಮಗಳನ್ನ ಕರ್ಕೊಂಡು ಹೋಗಿದ್ದೆ, ಹಾಕ್‌ಗಳು ತಲೆ ಮೇಲೆ ಹೋದಾಗ ಅವಳು ಕಿವಿ ಮುಚ್ಕೊಂಡು ಕಣ್ಣು ಮಾತ್ರ ಬಿಟ್ಕೊಂಡು ನೋಡ್ತಿದ್ಲು. ಈ ಮಾಡಲ್ ಅವಳ ಶೆಲ್ಫಿಗೆ. ನಿನ್ನೆ ಬಂದು ನೋಡಿ "ಅಪ್ಪಾ ಇದು ಹೆಂಚಿನ ಬಣ್ಣ" ಅಂದ್ಲು. ಸರಿಯಾಗೇ ಹೇಳಿದ್ಲು, ಮಳೆಗೆ ನೆನೆದ ಹೆಂಚಿನ ಥರಾನೇ ಇದೆ. ಎಂಟನೇ ಕೋಟ್ ಹೊಡೀಲಾ, ಅಥವಾ ಬೇರೆ ಬ್ರ್ಯಾಂಡ್ ತಗೊಳ್ಲಾ? ದಯವಿಟ್ಟು ಗೊತ್ತಿರೋರು ಹೇಳಿ.

ಕುಡ್ಲ_ಕಿಟ್ಸ್:
ಎಂಟನೇ ಕೋಟ್ ಬೇಡ ಮಾರಾಯ್ರೆ, ಅಲ್ಲಿಗೇ ನಿಲ್ಸಿ. ಬ್ರ್ಯಾಂಡಿನ ತಪ್ಪೂ ಅಲ್ಲ. ನಿಮ್ಮ ತೊಂದರೆ ಇರುವುದು ಕೆಂಪಿನ ಅಡಿಯಲ್ಲಿ. ಬೂದಿನ ಮೇಲೆ ಕೆಂಪು ಎಷ್ಟು ಹೊಡೆದರೂ ಬೂದು ಅದನ್ನು ಎಳೆದು ಕೆಳಗೆ ಹಾಕ್ತದೆ. ನಾನು ಬ್ರಿಟನ್ನಿನ ರೆಡ್ ಆರೋಸ್ ತಂಡದ ಹಾಕ್ ಮಾಡುವಾಗ ಇದೇ ಕತೆ ಆಗಿತ್ತು, ಎರಡು ಸಲ ಬಣ್ಣ ತೆಗೆದು ಮೂರನೇ ಸಲಕ್ಕೆ ಬಂದದ್ದು. ಒಂದು ಕೆಲಸ ಮಾಡಿ. ಬೇಕರಿಯಲ್ಲಿ ಐಸ್‌ಕ್ರೀಮಿಗೆ ಕೊಡುವ ಪ್ಲಾಸ್ಟಿಕ್ ಚಮಚ ನಾಲ್ಕೈದು ತಗೊಳ್ಳಿ, ಒಂದೊಂದಕ್ಕೆ ಒಂದೊಂದು ಅಡಿಬಣ್ಣ ಹಾಕಿ, ಬೂದು, ಬಿಳಿ, ಗುಲಾಬಿ, ಕಂದು. ಎಲ್ಲದರ ಮೇಲೂ ಅದೇ ಕೆಂಪು, ಲೆಕ್ಕ ಮಾಡಿ ಮೂರೇ ಕೋಟ್. ಆಮೇಲೆ ನಿಮಗೇ ಗೊತ್ತಾಗ್ತದೆ, ನಾನು ಹೇಳುವುದೇ ಬೇಡ.

ಸಣ್ಣಸ್ಕೇಲ್:
ಮೇಡಂ ನಾನು ಹೊಸಬ, ಒಂದು ಡೌಟು. ಕಪ್ಪು ಅಥವಾ ಹಸಿರು ಹೊಡೆದಾಗ ಎರಡೇ ಕೋಟ್‌ಗೆ ಮುಚ್ಚುತ್ತಲ್ಲ, ಕೆಂಪು ಹಳದಿಗೆ ಮಾತ್ರ ಯಾಕೆ ಹಿಂಗೆ?

ರಸಾಯನಿ:
ಒಳ್ಳೇ ಪ್ರಶ್ನೆ, ಸ್ವಲ್ಪ ಉದ್ದ ಆಗುತ್ತೆ, ಓದಿ. ಬಣ್ಣ ಅಂದ್ರೆ ಪಿಗ್ಮೆಂಟ್ ಪುಡಿ ಪ್ಲಸ್ ಅದನ್ನ ಹಿಡಿದಿಡೋ ಬೈಂಡರ್. ಅಡಿಯಲ್ಲಿ ಇರೋದು ಮುಚ್ಚಬೇಕು ಅಂದ್ರೆ ಬೆಳಕು ಕೆಳಗೆ ಹೋಗದೆ ಪುಡಿಗೆ ಬಡಿದು ವಾಪಸ್ ಚದುರಬೇಕು, ಇಲ್ಲಾ ಪುಡಿನೇ ಬೆಳಕನ್ನ ನುಂಗಿಬಿಡಬೇಕು. ಕಪ್ಪು ಎಲ್ಲಾ ಬೆಳಕನ್ನೂ ನುಂಗುತ್ತೆ, ಅದಕ್ಕೆ ಬೇಗ ಮುಚ್ಚುತ್ತೆ. ಬಿಳಿಯಲ್ಲಿರೋ ಟೈಟಾನಿಯಂ ಡೈಆಕ್ಸೈಡ್‌ನ ವಕ್ರೀಭವನ ಸೂಚ್ಯಂಕ, ಅಂದ್ರೆ ಬೆಳಕನ್ನ ಎಷ್ಟು ಬಾಗಿಸುತ್ತೆ ಅನ್ನೋ ಅಳತೆ, 2.7ರ ಹತ್ತಿರ, ಬೈಂಡರ್‌ದು 1.5ರ ಆಸುಪಾಸು. ಈ ವ್ಯತ್ಯಾಸ ದೊಡ್ಡದಾದಷ್ಟೂ ಬೆಳಕು ಜಾಸ್ತಿ ಚದುರುತ್ತೆ. ಈಗಿನ ಹೊಳೆಯೋ ಕೆಂಪು, ಹಳದಿ ಎಲ್ಲ ಹೆಚ್ಚಾಗಿ ಆರ್ಗ್ಯಾನಿಕ್ ಪಿಗ್ಮೆಂಟ್, ಅವುಗಳ ಸೂಚ್ಯಂಕ ಬೈಂಡರ್‌ಗೆ ಹತ್ತಿರ ಇರುತ್ತೆ, ಹಂಗಾಗಿ ಚದುರಿಸೋದು ಕಮ್ಮಿ. ಬಣ್ಣದ ಗಾಜಿನ ಥರ. ಬೆಳಕು ಕೆಂಪನ್ನ ದಾಟಿ ಅಡಿಗೆ ಹೋಗಿ, ಅಲ್ಲಿ ಬಡಿದು, ಮತ್ತೆ ಕೆಂಪನ್ನ ದಾಟಿ ನಿಮ್ಮ ಕಣ್ಣಿಗೆ ಬರುತ್ತೆ. ಅಡಿಯಲ್ಲಿ ಬೂದು ಇದ್ರೆ ಅರ್ಧ ಬೆಳಕು ಅಲ್ಲೇ ಸತ್ತುಹೋಯ್ತು. ಮೊದಲು ಸೀಸದ ಕ್ರೋಮೇಟ್, ಕ್ಯಾಡ್ಮಿಯಂ ಹಾಕಿದ ಕೆಂಪು ಹಳದಿ ಬರ್ತಿತ್ತು, ಅವು ಚೆನ್ನಾಗಿ ಮುಚ್ತಿದ್ವು, ಆದ್ರೆ ವಿಷ, ಹವ್ಯಾಸದ ಬಣ್ಣದಲ್ಲಿ ಅವನ್ನ ಕೈಬಿಟ್ಟಿದ್ದು ಒಳ್ಳೇದೇ ಆಯ್ತು.

ಹಳೇ_ಹ್ಯಾಂಗರ್:
ವಿನು ಅವರೇ, ನಾನು ಮೂವತ್ತು ವರ್ಷ ನಿಜವಾದ ವಿಮಾನಗಳಿಗೆ ಪೇಂಟ್ ಮಾಡಿ ರಿಟೈರ್ ಆದವನು. ಅಲ್ಲೂ ಇದೇ ನ್ಯಾಯ. ಕೆಂಪು, ಹಳದಿ, ಕಿತ್ತಳೆ ಬಂತು ಅಂದ್ರೆ ಮೊದಲು ಅಡಿಗೆ ಬಿಳಿ. ಪ್ರೈಮರ್ ಮೇಲೆ ನೇರ ಕೆಂಪು ಹೊಡೆಯೋ ಹುಡುಗರನ್ನ ಗನ್ ಕೆಳಗಿಡಿಸಿ ವಾಪಸ್ ಕಳಿಸ್ತಿದ್ವಿ. ಅಲ್ಲಿ ಇನ್ನೊಂದು ಭಯ, ತೂಕ. ಏಲೆರಾನ್, ಎಲಿವೇಟರ್ ಥರ ವಿಮಾನವನ್ನ ತಿರುಗಿಸೋ ಅಲುಗಾಡೋ ಭಾಗಕ್ಕೆ ಕೋಟ್ ಜಾಸ್ತಿ ಆದ್ರೆ ಬ್ಯಾಲೆನ್ಸ್ ತಪ್ಪುತ್ತೆ, ಮತ್ತೆ ಬ್ಯಾಲೆನ್ಸ್ ಚೆಕ್ ಮಾಡದೆ ಹಾರಿಸೋ ಹಾಗಿಲ್ಲ. ಅದಕ್ಕೆ ಕಮ್ಮಿ ಬಣ್ಣದಲ್ಲಿ ಮುಚ್ಚೋದು ಅಲ್ಲಿ ಜೀವದ ಪ್ರಶ್ನೆ. ನಿಮಗೆ ತೂಕದ ಚಿಂತೆ ಇಲ್ಲ, ಆದ್ರೆ ಪ್ಯಾನೆಲ್ ಲೈನ್ ಇದೆಯಲ್ಲ, ಅದು ಮುಚ್ಚಿದ್ರೆ ವಿಮಾನ ಸೋಪಿನ ಬಿಲ್ಲೆ ಆಗುತ್ತೆ. ಪೂರ್ತಿ ತೆಗೆದು ಹೊಸದಾಗಿ ಶುರು ಮಾಡಿ. ಎಕ್ಸ್-7 ಅಕ್ರಿಲಿಕ್ ಆದ್ದರಿಂದ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಬರುತ್ತೆ, ಹಳೇ ಟೂತ್ ಬ್ರಶ್‌ನಲ್ಲಿ ಮೆಲ್ಲಗೆ ಉಜ್ಜಿ. ಕ್ಯಾನೊಪಿ, ಅಂದ್ರೆ ಪೈಲಟ್ ಮೇಲಿನ ಪಾರದರ್ಶಕ ಮುಚ್ಚಳ, ಅದರ ಹತ್ರ ಹೋಗ್ಬೇಡಿ.

ಬೀದರ್_ಕೋಟೆ:
ವಿನು ಅಣ್ಣಾ ನಮಸ್ಕಾರ್ರೀ. ಮೊದ್ಲ ಒಂದು ಮಾತ್ ಕೇಳ್ತೀನಿ, ನಿಮ್ಮ ಕಿಟ್ ರೆಡ್ ಆರೋಸ್ ಡಬ್ಬಿದಲ್ಲ ಅಲಾ? ಅದು ಹಾಕ್‌ನ ಟಿ1 ಮಾದರಿ, ಮೂತಿ ಗಿಡ್ಡ ಅದ. ನಮ್ಮದು ಮಾರ್ಕ್ 132, ಮೂತಿ ಉದ್ದ. ಭಾಳ ಮಂದಿ ಟಿ1 ಕಿಟ್‌ಗೆ ನಮ್ಮ ಬಣ್ಣ ಹಚ್ಚಿ ಇಡ್ತಾರ, ಬೀದರದಾಗ ಹುಟ್ಟಿದವ್ರ ಕಣ್ಣಿಗೆ ಅದು ದೂರದಿಂದನೇ ಗೊತ್ತಾಗ್ತದ. ಸೂರ್ಯಕಿರಣ್ ಹುಟ್ಟಿದ್ದು 1996ರಾಗ, ನಮ್ಮ ಊರಿನ ಏರ್‌ಫೋರ್ಸ್ ಸ್ಟೇಷನ್‌ದಾಗೇ. ನಾವು ಸಾಲಿಗಿ ಹೋಗೋ ಹೊತ್ತಿನಾಗ ಮ್ಯಾಲ ಪ್ರಾಕ್ಟೀಸ್ ನಡೀತಿತ್ತು, ಮಾಸ್ತರ್ ಬೋರ್ಡ್ ಮ್ಯಾಲ ಬರೀತಿದ್ರ ನಾವು ಕಿಟಕ್ಯಾಗ ನೋಡ್ತಿದ್ವಿ.

ವಿಮಾನಪುರ_ವಿನು:
ಇಲ್ಲ ಅಣ್ಣ, ನಂದು 132 ಕಿಟ್ಟೇ, ಉದ್ದ ಮೂತಿ ಎಲ್ಲ ಇದೆ. ಅದರಲ್ಲೂ ಈ 132ಗಳಲ್ಲಿ ಬಹಳಷ್ಟು ಇಲ್ಲೇ ಎಚ್‌ಎಎಲ್‌ನಲ್ಲಿ ಆಗಿದ್ದು, 2004ರ ಮೊದಲ ಒಪ್ಪಂದದ 66ರಲ್ಲಿ 24 ಇಂಗ್ಲೆಂಡಿಂದ ಬಂತು, 42 ನಮ್ಮ ಬೆಂಗಳೂರಲ್ಲಿ. ನಮ್ಮನೆ ತಾರಸಿಯಿಂದ ಟೆಸ್ಟ್ ಫ್ಲೈಟ್ ಕಾಣ್ತಿತ್ತು. ಅದಕ್ಕೇ ಇದನ್ನ ಹೆಂಗೋ ಮುಗಿಸಿ ಇಡೋಕೆ ಮನಸ್ಸಿಲ್ಲ. ಹ್ಯಾಂಗರ್ ಅಂಕಲ್ ಹೇಳಿದಂಗೆ ಇವತ್ತು ರಾತ್ರಿನೇ ಬಣ್ಣ ತೆಗೀತೀನಿ.

ವಿಮಾನಪುರ_ವಿನು (ಐದು ದಿನ ಆದ್ಮೇಲೆ):
ಚಮಚದ ರಿಪೋರ್ಟು. ಐದು ಚಮಚ ಮಾಡ್ದೆ. ಈ ಸಲ ಕೆಂಪು ಬದಲಾಯಿಸಿ ಲ್ಯಾಕರ್, ಅಂದ್ರೆ ಬೇಗ ಒಣಗೋ ಖಾರ ಥಿನ್ನರ್‌ನ ಬಣ್ಣ, ತಗೊಂಡೆ, ಟಮಿಯಾ ಎಲ್‌ಪಿ-7 ಪ್ಯೂರ್ ರೆಡ್. ಎಲ್ಲದಕ್ಕೂ ಮೂರು ಕೋಟ್. ಸಂಜೆ ಐದೂವರೆಗೆ ಕಿಟಕಿ ಕಟ್ಟೆ ಮೇಲೆ ಸಾಲಾಗಿಟ್ಟು ನೋಡ್ದೆ.

ಬೂದು ಅಡಿಬಣ್ಣದ್ದು ಅದೇ ಹೆಂಚು. ಕಂದಿನ ಮೇಲಿಂದು ಒಣಗಿದ ರಕ್ತದ ಥರ, ಗಾಢ, ಹಳೇ ಫೈರ್ ಇಂಜಿನ್‌ಗೆ ಸರಿಹೋಗಬಹುದೇನೋ. ಬಿಳಿ ಮೇಲಿಂದು ಉರೀತಿದೆ, ಆದ್ರೆ ಸ್ವಲ್ಪ ಕಿತ್ತಳೆಗೆ ವಾಲಿದೆ, ಚಮಚದ ಅಂಚಲ್ಲಿ ಬಣ್ಣ ತೆಳ್ಳಗಾದ ಕಡೆ ಬಿಳಿ ಗೆರೆ ಕಾಣುತ್ತೆ. ಬೆಳ್ಳಿ ಬಣ್ಣದ ಮೇಲಿಂದು ಕ್ಯಾಂಡಿ ಥರ ಹೊಳೀತಿದೆ, ವಿಮಾನಕ್ಕಲ್ಲ. ಗುಲಾಬಿ ಮೇಲಿಂದು ನೋಡಿ ಸುಮ್ನೆ ಕೂತ್ಬಿಟ್ಟೆ. ತುಂಬಿದ ಕೆಂಪು, ಅಂಚಲ್ಲೂ ಮಧ್ಯದಲ್ಲೂ ಒಂದೇ ಸಮ, ದಾಸವಾಳ ಬೆಳಿಗ್ಗೆ ಅರಳಿದಾಗ ಇರುತ್ತಲ್ಲ ಹಂಗೆ. ಮಗಳಿಗೆ ಏನೂ ಹೇಳದೆ ಐದನ್ನೂ ತೋರಿಸ್ದೆ, ಕೈ ಹಾಕಿದ್ದು ಅದಕ್ಕೇ.

ಕುಡ್ಲ_ಕಿಟ್ಸ್:
ಹಾಂ, ಈಗ ಬಂತು ನೋಡಿ. ಗುಲಾಬಿ ನಾನು ರೆಡಿಮೇಡೂ ತರ್ತೇನೆ, ಟಮಿಯಾದ ಪಿಂಕ್ ಫೈನ್ ಸರ್ಫೇಸ್ ಪ್ರೈಮರ್ ಸ್ಪ್ರೇ ಉಂಟು. ಸಿಗದಿದ್ದರೆ ಬಿಳಿ ಲ್ಯಾಕರ್ ಹತ್ತು ಭಾಗಕ್ಕೆ ಕೆಂಪು ಒಂದು ಭಾಗ ಸೇರಿಸಿ, ಸಾಕು. ಗುಲಾಬಿಯಲ್ಲಿ ಟೈಟಾನಿಯಂ ಬಿಳಿ ಇರುವುದರಿಂದ ಅದು ಚೆನ್ನಾಗಿ ಮುಚ್ತದೆ, ಅದರಲ್ಲಿ ಕೆಂಪಿನ ಛಾಯೆ ಮೊದಲೇ ಇರುವುದರಿಂದ ಮೇಲಿನ ಕೆಂಪಿಗೆ ಕಷ್ಟ ಕಮ್ಮಿ. ಹಳದಿಗೂ ಗುಲಾಬಿ ಅಡಿ ಹಾಕಿ ನೋಡಿ ಒಮ್ಮೆ, ಹಾರ್ವರ್ಡ್ ಟ್ರೈನರ್ ಮಾಡುವಾಗ ಹಾಕಿದ್ದೆ, ಬಿಳಿ ಅಡಿಗಿಂತ ಬೆಚ್ಚಗಿನ ಹಳದಿ ಬಂತು, ನಿಂಬೆ ಹಣ್ಣಿನ ಹಸಿರು ಛಾಯೆ ಪೂರಾ ಹೋಯ್ತು.

ಶೇಡ್‌ಕಾರ್ಡ್:
ಎಲ್ಲ ಸರಿ, ಆದರೆ ಎಲ್‌ಪಿ-7 ಸೂರ್ಯಕಿರಣ್ ಕೆಂಪು ಅಂತ ಹೇಗೆ ಒಪ್ಪೋದು? ನಾನಾಗಿದ್ರೆ ಮಿಸ್ಟರ್ ಕಲರ್ 327 ಹಾಕ್ತಿದ್ದೆ, ಅದು ಎಫ್‌ಎಸ್ ಬಣ್ಣಪಟ್ಟಿಯ 11136 ಕೋಡಿಗೆ ಮಾಡಿದ್ದು, ಕನಿಷ್ಠ ಒಂದು ಸ್ಟ್ಯಾಂಡರ್ಡ್ ಅಂತ ಇದೆ. ಚಮಚ ಇಟ್ಕೊಂಡು ಮಕ್ಕಳ ಕೈಲಿ ಆರಿಸೋದು ಮಾಡಲಿಂಗ್ ಅಲ್ಲ.

ಬೀದರ್_ಕೋಟೆ:
ಶೇಡ್‌ಕಾರ್ಡ್ ಅವ್ರೇ, 11136 ಅಮೆರಿಕದ ಕೋಡ್, ಅವ್ರ ಥಂಡರ್‌ಬರ್ಡ್ಸ್ ತಂಡದ ವಿಮಾನ ಮಾಡವ್ರು ಅದನ್ನ ಹಚ್ತಾರ. ನಮ್ಮ ವಿಮಾನ ಆ ಕೋಡಿನ್ಯಾಗ ಅವ ಅಂತ ಯಾರ್ ಹೇಳ್ಯಾರ್ರೀ? ನಾ ದಿನಾ ನೋಡಿದಾವ ಹೇಳ್ತೀನಿ, ಮುಂಜಾನಿ ಒಂದ್ ಕೆಂಪು, ಮಧ್ಯಾಹ್ನ ಬೀದರ ಬಿಸಲಾಗ ಒಂದ್ ಕೆಂಪು, ಸಂಜಿ ಮುಂದ ಇಳಿಯೋ ಹೊತ್ತಿಗಿ ಕುಂಕುಮ ಆದಂಗ ಆಗಿರ್ತದ. ಮೋಡ ಇದ್ದಾಗ ಅಂತೂ ಬ್ಯಾರೇನೇ. ಅದೇ ವಿಮಾನ, ಅದೇ ಬಣ್ಣ.

ಹಳೇ_ಹ್ಯಾಂಗರ್:
ಇಬ್ಬರ ಮಾತಲ್ಲೂ ಹುರುಳಿದೆ. ಕೋಡ್ ಇಲ್ಲದೆ ಫ್ಯಾಕ್ಟರಿ ನಡೆಯಲ್ಲ, ನಾವು ಪ್ರತಿ ಬ್ಯಾಚಿಗೆ ಪ್ಯಾನೆಲ್ ಹೊಡೆದು ಹೋಲಿಸಿ ಆಮೇಲೇ ವಿಮಾನಕ್ಕೆ ಹೋಗ್ತಿದ್ವಿ. ಆದ್ರೆ ಹನ್ನೆರಡು ಮೀಟರ್ ವಿಮಾನದ ಬಣ್ಣವನ್ನ ಹದಿನೇಳು ಸೆಂಟಿಮೀಟರ್ ಮಾಡಲ್‌ಗೆ ಹಂಗಂಗೇ ಹಾಕಿದ್ರೆ ಗಾಢ ಕಾಣುತ್ತೆ. ವಿಮಾನವನ್ನ ನಾವು ನೋಡೋದು ದೂರದಿಂದ, ನಡುವೆ ಗಾಳಿ, ಧೂಳು, ಬಿಸಿಲು ಇರುತ್ತೆ. ಮಾಡಲ್ ನೋಡೋದು ಟ್ಯೂಬ್‌ಲೈಟ್ ಕೆಳಗೆ ಒಂದಡಿ ದೂರದಲ್ಲಿ. ಕೆಂಪನ್ನ ತಿಳಿ ಮಾಡೋಕೆ ಬಿಳಿ ಬೆರೆಸಿದ್ರೆ ಗುಲಾಬಿ ಆಗ್ಬಿಡುತ್ತೆ, ಅದಕ್ಕೆ ಅಡಿಬಣ್ಣದಲ್ಲೇ ತಿಳಿ ಮಾಡೋದು ಜಾಣತನ. ವಿನು ಮಾಡಿದ್ದು ಸರಿ ಇದೆ. ಮಗು ಯಲಹಂಕದಲ್ಲಿ ಕಣ್ಣಾರೆ ನೋಡಿದೆ, ಅದರ ಕಣ್ಣಿನ ಮೇಲೆ ನನಗೆ ನಂಬಿಕೆ ಇದೆ.

ಸಣ್ಣಸ್ಕೇಲ್:
ಕಿರಣ್ ಕಾಲದ ಕಿತ್ತಳೆ ಬಣ್ಣ ಮಾಡ್ಬೇಕು ಅಂದ್ರೆ? ನನಗೆ ಅದೇ ಇಷ್ಟ.

ರಸಾಯನಿ:
ಅದು ಇನ್ನೂ ಕಷ್ಟ, ಡೇಗ್ಲೋ ಥರದ ಕಿತ್ತಳೆ. ಫ್ಲೋರೊಸೆಂಟ್ ಬಣ್ಣ ಕಣ್ಣಿಗೆ ಕಾಣದ ಬೆಳಕನ್ನೂ ಹೀರಿ ಕಾಣೋ ಬೆಳಕಾಗಿ ಹೊರಹಾಕುತ್ತೆ, ಅದಕ್ಕೇ ಉರಿಯುತ್ತೆ, ಆದ್ರೆ ಮುಚ್ಚೋ ಶಕ್ತಿ ಇಲ್ಲವೇ ಇಲ್ಲ. ಅದಕ್ಕೆ ಗುಲಾಬಿ ಅಲ್ಲ, ಅಚ್ಚ ಬಿಳಿ ಅಡಿ ಬೇಕು, ಒಂಚೂರು ಕೊಳೆ ಇದ್ರೂ ಮೇಲೆ ಕಾಣುತ್ತೆ. ಬಿಸಿಲಿಗೆ ಬೇಗ ಮಂಕಾಗುತ್ತೆ, ಮಾಡಲ್‌ನ ಕಿಟಕಿ ಹತ್ರ ಇಡಬೇಡಿ. ಒಣಗಿದ್ಮೇಲೆ ಮ್ಯಾಟ್ ಆಗಿರುತ್ತೆ, ಡೆಕಾಲ್, ಅಂದ್ರೆ ನೀರಲ್ಲಿ ನೆನೆಸಿ ಅಂಟಿಸೋ ಗುರುತು, ಹಾಕೋಕೆ ಮುಂಚೆ ಹೊಳಪಿನ ಪಾರದರ್ಶಕ ಕ್ಲಿಯರ್ ಬೇಕೇ ಬೇಕು.

ವಿಮಾನಪುರ_ವಿನು (ಮುಂದಿನ ಭಾನುವಾರ):
ಬಿಳಿಗೆ ಬಂದೆ, ಬಿಳಿಯಲ್ಲೇ ಎಡವಿದೆ. ಲ್ಯಾಕರ್ ಬಿಳಿ ಹೊಡೆದ ಹತ್ತು ನಿಮಿಷಕ್ಕೆ ಎಡ ರೆಕ್ಕೆ ಮೇಲೆ ಹಾಲಿನ ಕೆನೆ ಕಟ್ಟಿದಂಗೆ ಮಂಕು ಪದರ, ಹೊಳಪೇ ಇಲ್ಲ. ಹೊರಗೆ ಜಿಟಿಜಿಟಿ ಮಳೆ. ಬಾಲದ ಹತ್ರ ಮುಟ್ಟಿದ್ರೆ ರವೆ ಥರ ತರಿತರಿ.

ಕುಡ್ಲ_ಕಿಟ್ಸ್:
ಅದು ಬ್ಲಶಿಂಗ್, ಮಳೆಗಾಲದ ಕಾಯಿಲೆ. ಥಿನ್ನರ್ ಬೇಗ ಆವಿ ಆಗುವಾಗ ಮೇಲ್ಮೈ ತಣ್ಣಗಾಗ್ತದೆ, ಗಾಳಿಯ ತೇವ ಅಲ್ಲಿ ಕೂತು ಬಣ್ಣದಲ್ಲಿ ಸಿಕ್ಕಿ ಹಾಕಿಕೊಳ್ತದೆ. ನಮ್ಮ ಕಡೆ ಜೂನ್ ಜುಲೈಯಲ್ಲಿ ನಾನು ಲ್ಯಾಕರ್ ಮುಟ್ಟುವುದೇ ಇಲ್ಲ, ಸೀಮ್ ಉಜ್ಜುವ ಕೆಲಸ ಎಲ್ಲ ಆ ಎರಡು ತಿಂಗಳಿಗೆ ಇಟ್ಟುಕೊಳ್ತೇನೆ. ನಿಮ್ಮದು ಹಾಳಾಗಿಲ್ಲ, ಹೆದರಬೇಡಿ. ಮಳೆ ನಿಂತ ದಿನ ಬರೀ ಲೆವೆಲಿಂಗ್ ಥಿನ್ನರನ್ನು ಮಂಜಿನ ಹಾಗೆ ಒಂದು ಸಲ ಹೊಡೆಯಿರಿ. ಅದರಲ್ಲಿ ಒಣಗುವುದನ್ನು ನಿಧಾನ ಮಾಡುವ ರಿಟಾರ್ಡರ್ ಉಂಟು, ಬಣ್ಣ ಸ್ವಲ್ಪ ಕರಗಿ ತೇವ ಹೊರಗೆ ಹೋಗ್ತದೆ. ತರಿತರಿ ಬಂದದ್ದು ಬೇರೆ ಕಾರಣಕ್ಕೆ, ನೀವು ದೂರದಿಂದ ಹೊಡೆದಿದ್ದೀರಿ, ಬಣ್ಣ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬಿತ್ತು. ಒಂದು ಭಾಗ ಬಣ್ಣಕ್ಕೆ ಎರಡು ಭಾಗ ಥಿನ್ನರ್, 15 ಪಿಎಸ್‌ಐ ಒಳಗೆ, ಹತ್ತಿರದಿಂದ. ಮತ್ತೆ ಒಂದು ಮಾತು, ಲ್ಯಾಕರ್ ಅಂದ ಮೇಲೆ ಬಟ್ಟೆ ಮಾಸ್ಕ್ ಸಾಲದು, ಕಾರ್ಬನ್ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಹಾಕಿ, ಮಗು ಆ ಕೋಣೆಗೆ ಬರಬಾರದು.

ವಿಮಾನಪುರ_ವಿನು:
ರೆಸ್ಪಿರೇಟರ್ ಇದೆ ಮೇಡಂ, ಎಕ್ಸಾಸ್ಟ್ ಫ್ಯಾನೂ ಇದೆ. ಥಿನ್ನರ್ ಮಂಜು ಹೊಡ್ದೆ, ಕಣ್ಣೆದುರೇ ಆ ಕೆನೆ ಕರಗಿ ಬಿಳಿ ವಾಪಸ್ ಬಂತು, ನಂಬೋಕೆ ಆಗ್ಲಿಲ್ಲ. ತರಿತರಿನ 2000 ಪೇಪರ್ ನೀರಲ್ಲಿ ಅದ್ದಿ ತೆಗೆದು ಮತ್ತೆ ಹೊಡ್ದೆ. ಈಗ ಮಾಸ್ಕಿಂಗ್ ಹೇಗೆ ಮಾಡ್ಲಿ? ಕೆಂಪು ಬಿಳಿ ಸೇರೋ ಗೆರೆ ಮೇಲೇ ಎಲ್ಲರ ಕಣ್ಣು ಬೀಳೋದು.

ಹಳೇ_ಹ್ಯಾಂಗರ್:
ಬಿಳಿ ಎರಡು ದಿನ ಪೂರ್ತಿ ಒಣಗ್ಲಿ. ಮೂಗಿನ ಹತ್ರ ಹಿಡಿದ್ರೆ ಬಣ್ಣದ ವಾಸನೆ ಬಂತು ಅಂದ್ರೆ ಇನ್ನೂ ಒಣಗಿಲ್ಲ, ಟೇಪ್ ಹಚ್ಚಬೇಡಿ. ಟೇಪನ್ನ ಗಾಜಿನ ಮೇಲೆ ಇಟ್ಟು ಹೊಸ ಬ್ಲೇಡಲ್ಲಿ ಅಂಚು ಕತ್ತರಿಸಿ, ರೋಲಿನ ಅಂಚಲ್ಲಿ ಧೂಳು ಇರುತ್ತೆ. ಎರಡು ಮಿಲಿಮೀಟರ್ ಪಟ್ಟಿ ಆದ್ರೆ ತಿರುವಿನ ಕಡೆ ಬಾಗುತ್ತೆ, ಅಗಲ ಆದ್ರೆ ಸುಕ್ಕು ಬೀಳುತ್ತೆ. ಟೇಪ್ ಹಚ್ಚಿದ್ಮೇಲೆ ಅಂಚಿಗೆ ಮೊದಲು ಅದೇ ಬಿಳಿನ ತೆಳ್ಳಗೆ ಒಂದು ಸಲ ಹೊಡೀರಿ. ಟೇಪ್ ಕೆಳಗೆ ಬಣ್ಣ ನುಗ್ಗೋದಿದ್ರೆ ಬಿಳಿನೇ ನುಗ್ಗಿ ಸಂದು ಮುಚ್ಕೊಳ್ಳುತ್ತೆ, ಆಮೇಲೆ ಕೆಂಪಿಗೆ ದಾರಿ ಇರಲ್ಲ. ಅದಾದ್ಮೇಲೆ ಗುಲಾಬಿ, ಕೆಂಪು. ಬೇರೆ ಭಾಗ ಎಲ್ಲ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ, ಕೆಂಪು ಹೊಗೆ ಎಲ್ಲಿಂದ ಬೇಕಾದ್ರೂ ಒಳಗೆ ಹೋಗುತ್ತೆ. ಕೊನೇ ಕೋಟ್ ಆಗಿ ಅರ್ಧ ಗಂಟೆಗೆ ಟೇಪ್ ಎಳೀರಿ, ಮೇಲಕ್ಕಲ್ಲ, ಟೇಪನ್ನ ಅದರ ಮೇಲೇ ಮಡಚಿಕೊಂಡು ಹಿಂದಕ್ಕೆ.

ವಿಮಾನಪುರ_ವಿನು (ಬುಧವಾರ ರಾತ್ರಿ):
ಆಯ್ತು. ಟೇಪ್ ತೆಗೆಯುವಾಗ ಉಸಿರು ಹಿಡ್ಕೊಂಡಿದ್ದೆ. ಗೆರೆ ಬ್ಲೇಡಲ್ಲಿ ಕೊರೆದಂಗೆ ಬಂದಿದೆ ಅಂಕಲ್, ಬಲಗಡೆ ಏರ್ ಇನ್‌ಟೇಕ್ ಕೆಳಗೆ ಮಾತ್ರ ಸಾಸಿವೆ ಕಾಳಿನಷ್ಟು ಕೆಂಪು ಬಿಳಿ ಮೇಲೆ ಬಿದ್ದಿದೆ. ಅದರ ಮೇಲೆ ಬಿಳಿ ಹೊಡೆದು ಮುಚ್ಚಿಬಿಡ್ಲಾ?

ರಸಾಯನಿ:
ಬೇಡ! ಕೆಲವು ಕೆಂಪು ಪಿಗ್ಮೆಂಟ್ ಮೇಲಿನ ಬಣ್ಣದ ಥಿನ್ನರ್‌ನಲ್ಲಿ ಕರಗಿ ಮೇಲಕ್ಕೆ ಏರುತ್ತೆ. ಇವತ್ತು ಬಿಳಿ ಕಾಣುತ್ತೆ, ನಾಳೆ ಗುಲಾಬಿ ಕಲೆ ಬರುತ್ತೆ, ಮತ್ತೆ ಹೊಡೆದ್ರೆ ಮತ್ತೆ ಬರುತ್ತೆ. ಬಿಳಿ ಮೊದಲು, ಕೆಂಪು ಆಮೇಲೆ ಅನ್ನೋ ಕ್ರಮಕ್ಕೂ ಇದೇ ಕಾರಣ. ಹಲ್ಲುಕಡ್ಡಿ ತುದಿಗೆ 4000 ಗ್ರಿಟ್ ಸ್ಪಾಂಜ್ ಚೂರು ಅಂಟಿಸಿ, ನೀರು ಹಾಕಿ, ಆ ಚುಕ್ಕೆ ಮಾತ್ರ ಉಜ್ಜಿ ತೆಗೀರಿ.

ಬೀದರ್_ಕೋಟೆ:
ಡೆಕಾಲ್ ಹಚ್ಚೋಕಿಂತ ಮೊದ್ಲ ಒಂದ್ ಹೆಚ್ಚಿನ ರೌಂಡೆಲ್, ಅಂದ್ರ ವಾಯುಪಡೆಯ ತ್ರಿವರ್ಣ ಚಕ್ರದ ಗುರುತು, ಇದ್ರ ಕೆಂಪು ಚಮಚದ ಮ್ಯಾಲ ಹಚ್ಚಿ ನೋಡ್ರಿ ಅಣ್ಣಾ. ನನಗ ಇದರಾಗೇ ಪೆಟ್ಟು ಬಿದ್ದಿತ್ತು.

ವಿಮಾನಪುರ_ವಿನು:
ನೀವು ಹೇಳಿದ್ದು ಉಪಕಾರ ಆಯ್ತು ಅಣ್ಣ. ಚಮಚದ ಮೇಲೆ ಹಾಕ್ದೆ, ನೀರು ಆರಿದ್ಮೇಲೆ ನೋಡಿದ್ರೆ ಕೇಸರಿ ಉಂಗುರ ಕೆಂಪಲ್ಲೇ ಕಳೆದುಹೋಗಿದೆ, ನಡುವಿನ ಬಿಳಿ ಉಂಗುರ ಗುಲಾಬಿ, ಹಸಿರು ಕಂದಾಗಿದೆ. ಡೆಕಾಲ್‌ನ ಬಿಳಿ ಅಷ್ಟು ತೆಳ್ಳಗೆ. ಅದಕ್ಕೆ ಕೆಂಪಿನ ಮೇಲೆ ಬೀಳೋ ಪ್ರತಿ ಡೆಕಾಲ್‌ಗೂ ಖಾಲಿ ಬಿಳಿ ಡೆಕಾಲ್ ಶೀಟಿಂದ ಅದೇ ಆಕಾರ, ಕೂದಲೆಳೆಯಷ್ಟು ಚಿಕ್ಕದು, ಕತ್ತರಿಸಿ ಮೊದಲು ಅದನ್ನ ಕೂರಿಸಿದೆ. ಒಂದು ರಾತ್ರಿ ಬಿಟ್ಟು ಅದರ ಮೇಲೆ ನಿಜವಾದ ಡೆಕಾಲ್. ಅಡಿಯಲ್ಲಿ ಟಮಿಯಾ ಎಕ್ಸ್-22 ಕ್ಲಿಯರ್ ಇತ್ತು, ಡೆಕಾಲ್ ಕೂರಿಸೋ ಮೈಕ್ರೊ ಸೆಟ್ ದ್ರವ ಹಾಕಿ ಕೂರಿಸಿ, ಅದನ್ನ ಮೆತ್ತಗೆ ಮಾಡೋ ಮೈಕ್ರೊ ಸಾಲ್ ಹಚ್ಚಿದೆ. ಮೊದಲು ಸುಕ್ಕುಸುಕ್ಕಾಗಿ ಎದೆ ಧಸಕ್ ಅಂತು, ಮುಟ್ಟದೆ ಬಿಟ್ಟೆ, ಬೆಳಿಗ್ಗೆ ಎದ್ದು ನೋಡಿದ್ರೆ ಪ್ಯಾನೆಲ್ ಲೈನ್ ಒಳಗೂ ಇಳಿದು ಕೂತಿದೆ. ಕೇಸರಿ ಕೇಸರಿಯಾಗೇ ಇದೆ.

ಹಳೇ_ಹ್ಯಾಂಗರ್:
ಪ್ಯಾನೆಲ್ ಲೈನ್‌ಗೆ ಕಪ್ಪು ವಾಶ್, ಅಂದ್ರೆ ಗೆರೆಯೊಳಗೆ ಇಳಿಯೋ ನೀರಾದ ಬಣ್ಣ, ಹಾಕಬೇಡಿ. ಬಿಳಿ ಕಡೆ ತಿಳಿ ಬೂದು, ಕೆಂಪಿನ ಕಡೆ ಗಾಢ ಕಂದು, ಅದೂ ಒರೆಸಿ ಒರೆಸಿ ಕಾಣೋಷ್ಟೇ ಬಿಡಿ. ಪ್ರದರ್ಶನ ತಂಡದ ವಿಮಾನವನ್ನ ಹುಡುಗರು ಮದುವೆ ಗಾಡಿ ಥರ ಒರೆಸಿ ಇಟ್ಟಿರ್ತಾರೆ.

ವಿಮಾನಪುರ_ವಿನು (ಮುಂದಿನ ವಾರದ ಶನಿವಾರ ಬೆಳಿಗ್ಗೆ):
ಕೊನೇ ಕ್ಲಿಯರ್ ಒಣಗಿ ನಾಲ್ಕು ದಿನ ಆಯ್ತು. ಕೆಂಪು ಬಿಳಿ ಗಡಿಯಲ್ಲಿ ಉಗುರಿಗೆ ಸಿಗ್ತಿದ್ದ ಸಣ್ಣ ಮೆಟ್ಟಿಲು ಪಾಲಿಶ್ ಮಾಡಿದ್ಮೇಲೆ ಸಿಗ್ತಿಲ್ಲ. ಅಂಚುಗಳನ್ನ ಉಜ್ಜಲೇ ಇಲ್ಲ, ಅಲ್ಲಿ ಕೆಂಪು ಸವೆದು ಗುಲಾಬಿ ಕಂಡ್ಬಿಡುತ್ತೆ ಅಂತ. ಒಟ್ಟು ಕೆಂಪು ಹೋಗಿದ್ದು ಮೂರೇ ಕೋಟ್. ಫೋಟೋ ಹಾಕಿದೀನಿ, ಒಂದು ಟ್ಯೂಬ್‌ಲೈಟ್ ಕೆಳಗೆ, ಒಂದು ತಾರಸಿ ಮೇಲೆ ಏಳು ಗಂಟೆ ಬಿಸಿಲಲ್ಲಿ. ಎರಡೂ ಬೇರೆ ಬೇರೆ ಕೆಂಪು ಕಾಣುತ್ತೆ, ಕೋಟೆ ಅಣ್ಣ ಹೇಳಿದ್ದು ನಿಜ.

ಶೇಡ್‌ಕಾರ್ಡ್:
ಎರಡೂ ಫೋಟೋ ಹತ್ತು ಸಲ ನೋಡಿದೆ. ಬಿಸಿಲಿನ ಫೋಟೋ ನನ್ನ ಹತ್ರ ಇರೋ ಯಲಹಂಕದ ಫೋಟೋ ಪಕ್ಕ ಇಟ್ಟೆ, ವ್ಯತ್ಯಾಸ ಹುಡುಕೋಕೆ ಕಷ್ಟ ಆಯ್ತು. ಗುಲಾಬಿ ಎಷ್ಟು ಕೋಟ್ ಹೊಡೆದ್ರಿ ಹೇಳಿ, ನನ್ನ ಥಂಡರ್‌ಬರ್ಡ್ ಅರ್ಧಕ್ಕೆ ನಿಂತಿದೆ.

ವಿಮಾನಪುರ_ವಿನು:
ಎರಡು ತೆಳ್ಳನೆ ಕೋಟ್ ಸರ್, ಹತ್ತಕ್ಕೆ ಒಂದು ಮಿಕ್ಸ್, ನಡುವೆ ಇಪ್ಪತ್ತು ನಿಮಿಷ. ಮೊದಲು ಒಂದು ಚಮಚ ಮಾಡಿ ನೋಡ್ಕೊಳ್ಳಿ.

ಬೀದರ್_ಕೋಟೆ:
ವಿನು ಅಣ್ಣಾ, ಸಂಜಿ ಆರಕ್ಕ ಒಂದ್ ಫೋಟೋ ತೆಗೀರಿ, ಸೂರ್ಯ ಇಳಿಯೋ ಕಡೆ ಮೂತಿ ಮಾಡಿ. ನಮ್ಮವ್ವಗ ತೋರಿಸ್ತೀನಿ.

ವಿಮಾನಪುರ_ವಿನು:
ಇವತ್ತು ಮೋಡ ಇಲ್ಲ ಅಣ್ಣ, ಆರಕ್ಕೆ ತಾರಸಿ ಹತ್ತುತ್ತೀನಿ. ಹಿಡ್ಕೊಳ್ಳೋದು ಮಗಳು, ಅವಳ ಕೈ ಮಾತ್ರ ಕಾಣುತ್ತೆ.